ಭೀಮೆಯ ಮುಪ್ಪು ಎಲ್ಲಿದೆ?

ಭೀಮಾ ನದಿ ಹುಟ್ಟುವ ಭೀಮಾಶಂಕರದಿಂದ ಅರಬ್ಬಿ ಸಮುದ್ರ ನೇರ ಲೆಕ್ಕದಲ್ಲಿ ನೂರು ಕಿಲೋಮೀಟರ್ ದೂರವೂ ಇಲ್ಲ. ಆದರೂ ಅದರ ನೀರು ಆ ಕಡೆ ಇಳಿಯದೆ ಪೂರ್ವಕ್ಕೆ ಮುಖ ಮಾಡಿ, ಇಂದಾಪುರ, ಪಂಢರಪುರ, ಅಫಜಲಪುರ, ಯಾದಗಿರಿ ಸೀಮೆಗಳನ್ನೆಲ್ಲ ಹಾದು, 861 ಕಿ.ಮೀ. ಹರಿದು ರಾಯಚೂರು ಜಿಲ್ಲೆಯ ಕಾಡ್ಲೂರಿನ ಬಳಿ ಕೃಷ್ಣೆಗೆ ಸೇರುತ್ತದೆ. ಹೀಗೇಕೆ ಎಂದು ಮಕ್ಕಳು ಕೇಳಿದರೆ ‘ಪ್ರಸ್ಥಭೂಮಿ ಪೂರ್ವಕ್ಕೆ ಇಳಿಜಾರಾಗಿದೆ’ ಎಂಬ ಒಂದು ಸಾಲಿನ ಉತ್ತರ ಸಿಗುತ್ತದೆ. ಉತ್ತರವೇನೋ ಸರಿ. ಆದರೆ ಆ ಒಂದು ಸಾಲನ್ನು ನಿಜವಾಗಿ ಒಪ್ಪಿದರೆ, ನದಿಗೆ ಬೆಟ್ಟದಲ್ಲಿ ಯೌವನ, ಬಯಲಿನಲ್ಲಿ ಪ್ರೌಢಾವಸ್ಥೆ, ಕಡಲಂಚಿನಲ್ಲಿ ವೃದ್ಧಾವಸ್ಥೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ ಪಾಠ ಭೀಮೆಯ ಮಟ್ಟಿಗೆ ನಿಲ್ಲುವುದಿಲ್ಲ.

ಆ ಪಾಠದ ಮೂಲಪುರುಷ ಅಮೆರಿಕದ ಭೂಗೋಳ ವಿಜ್ಞಾನಿ ವಿಲಿಯಂ ಮೋರಿಸ್ ಡೇವಿಸ್. 1899ರಲ್ಲಿ ಆತ ವಿವರಿಸಿದ ‘ಭೌಗೋಳಿಕ ಚಕ್ರ’ದಲ್ಲಿ ವಯಸ್ಸಾಗುವುದು ಇಡೀ ನೆಲಕ್ಕೆ: ಮೇಲೆದ್ದ ಭೂಭಾಗ ಲಕ್ಷಾಂತರ ವರ್ಷ ಸವೆದು ಸವೆದು ಕೊನೆಗೆ ಸಪಾಟಾಗುತ್ತದೆ. ಕಾಲದ ಈ ಕಥೆಯನ್ನು ಪಠ್ಯಪುಸ್ತಕಗಳು ನದಿಯ ಉದ್ದಕ್ಕೆ ಮಲಗಿಸಿಬಿಟ್ಟವು. ಮೂಲದ ಹತ್ತಿರ ಇದ್ದರೆ ಎಳೆಯದು, ದೂರ ಹೋದರೆ ಹಳೆಯದು ಎಂದಾಯಿತು. ಅಂಕಿಗಳನ್ನು ನೋಡಿದರೆ ಈ ಮಾತು ಮೊದಮೊದಲು ನಿಜವೆಂದೇ ತೋರುತ್ತದೆ. ಭೀಮೆ ಹುಟ್ಟುವುದು ಸುಮಾರು 945 ಮೀಟರ್ ಎತ್ತರದಲ್ಲಿ. ರಾಜಗುರುನಗರ ಮುಟ್ಟುವಷ್ಟರಲ್ಲಿ 600ರ ಆಸುಪಾಸಿಗೆ ಇಳಿದಿರುತ್ತದೆ. ಇಂದಾಪುರ ತಾಲ್ಲೂಕಿನ ಉದ್ದಕ್ಕೂ ಹಿನ್ನೀರು ಚಾಚಿರುವ ಉಜನಿ ಜಲಾಶಯದ ಪೂರ್ಣ ಮಟ್ಟ 497 ಮೀಟರ್. ಅಂದರೆ ಅರ್ಧ ದಾರಿಯೂ ಮುಗಿಯುವ ಮೊದಲೇ ಒಟ್ಟು ಇಳಿತದ ಮುಕ್ಕಾಲು ಪಾಲು ಮುಗಿಯಿತು. ಮುಂದೆ ಸಂಗಮದವರೆಗೆ ಕಿಲೋಮೀಟರಿಗೆ ಸರಾಸರಿ ಒಂದಡಿಯಷ್ಟೇ ಇಳಿಜಾರು.

ಇಂದಾಪುರದ ನೆಲ ಎಷ್ಟು ಚಪ್ಪಟೆ ಎಂಬುದಕ್ಕೆ ಉಜನಿಯೇ ಸಾಕ್ಷಿ. 1980ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನಲ್ಲಿ ಸುಮಾರು 117 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಅದರಲ್ಲಿ ಬಳಕೆಗೆ ಸಿಗುವ 53 ಟಿಎಂಸಿಗಿಂತ ಹೆಚ್ಚಿನ ನೀರು ಇರುವುದು ಮೇಲಿನ ಆರು ಮೀಟರಿನೊಳಗೇ. ಕಡಿದಾದ ಕಣಿವೆಯಲ್ಲಿ ಇಷ್ಟು ನೀರು ನಿಲ್ಲಿಸಬೇಕಾದರೆ ಹತ್ತಾರು ಮೀಟರ್ ಎತ್ತರ ಬೇಕಾಗುತ್ತಿತ್ತು. ಬರಗಾಲದಲ್ಲಿ ಮಟ್ಟ ಕುಸಿದಾಗ ಮುಳುಗಡೆಯಾದ ಪಳಸದೇವದ ಕಲ್ಲಿನ ದೇಗುಲ ಮೇಲೇಳುತ್ತದೆ. ಕೆಸರಿನಲ್ಲಿ ಕಾಲೂರಿ ಮೇಯುವ ರಾಜಹಂಸಗಳು ಭಿಗವಣದ ಬಳಿ ಕಾಣಸಿಗುವುದೂ ನೀರು ಇಷ್ಟು ತೆಳುವಾಗಿ ಹರಡಿರುವುದರಿಂದಲೇ. ಅಣೆಕಟ್ಟಿನ ಕೆಳಗೆ, ಅದೇ ತಾಲ್ಲೂಕಿನ ತುದಿಯ ನೀರಾ ನರಸಿಂಹಪುರದಲ್ಲಿ ನೀರಾ ನದಿ ಬಂದು ಕೂಡುತ್ತದೆ. ಇಲ್ಲಿನ ಲಕ್ಷ್ಮೀನರಸಿಂಹ ಕರ್ನಾಟಕದ ಎಷ್ಟೋ ಮನೆತನಗಳ ಕುಲದೈವ. ಪಂಢರಪುರದಲ್ಲಿ ಭೀಮೆ ಚಂದ್ರನ ಕಲೆಯಂತೆ ಬಾಗುವುದರಿಂದಲೇ ಅಲ್ಲಿ ಅವಳು ಚಂದ್ರಭಾಗೆ.

ಮಂದ ಹರಿವು, ಬಳುಕುವ ಪಾತ್ರ — ಇದು ವೃದ್ಧಾವಸ್ಥೆಯಲ್ಲದೆ ಮತ್ತೇನು ಎಂದು ಯಾರಾದರೂ ಕೇಳಬಹುದು. ಹಾಗಿದ್ದರೆ ಅಲ್ಲಿಂದ ಮುಂದೆ ಮೆಕ್ಕಲು ಮಣ್ಣಿನ ಬಯಲು, ಕೊನೆಗೊಂದು ನದೀಮುಖಜ ಭೂಮಿ ಸಿಗಬೇಕಿತ್ತು. ಸಿಗುವುದು ಬಂಡೆ. ಕಲಬುರಗಿ ಸೀಮೆಯಲ್ಲಿ ಬಸಾಲ್ಟಿನ ಹೊದಿಕೆ ಮುಗಿದು, ಅದಕ್ಕಿಂತ ಎಷ್ಟೋ ಕೋಟಿ ವರ್ಷ ಹಳೆಯದಾದ ಸುಣ್ಣಕಲ್ಲು ಬರುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಅದೇ. ಯಾದಗಿರಿಯತ್ತ ಹೋದರೆ ಇನ್ನೂ ಹಳೆಯ ಗ್ರಾನೈಟ್ ಜಾತಿಯ ಶಿಲೆ. ಭೀಮೆ ಕೃಷ್ಣೆಯನ್ನು ಕೂಡುವಾಗಲೂ ಸಮುದ್ರಮಟ್ಟದಿಂದ 340 ಮೀಟರ್ ಮೇಲಿರುತ್ತದೆ. ಕಡಲನ್ನೇ ಕಾಣದ ನದಿಗೆ ಕಡಲಂಚಿನ ಮುಪ್ಪನ್ನು ಎಲ್ಲಿಂದ ತರುವುದು? ಅದರ ನಡೆಯನ್ನು ತೀರ್ಮಾನಿಸುವುದು ವಯಸ್ಸಲ್ಲ, ಕಾಲಡಿಯ ಕಲ್ಲು ಮತ್ತು ಇಳಿಜಾರು.

ಆ ಇಳಿಜಾರು ಬಂದದ್ದಾದರೂ ಎಲ್ಲಿಂದ? ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಲಾವಾ ಉಕ್ಕಿತು. ಕೆಳಗಿನಿಂದ ಎದ್ದ ಬಿಸಿ ಶಿಲಾಸ್ತಂಭ ನೆಲವನ್ನೇ ಗುಮ್ಮಟದಂತೆ ಎತ್ತಿತು, ನದಿಗಳು ಆ ಗುಮ್ಮಟದಿಂದ ಹೊರಮುಖವಾಗಿ ಹರಿದವು ಎಂದು 1989ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ಕೀತ್ ಕಾಕ್ಸ್ ವಾದಿಸಿದ. ಹಂಚಿನ ಮೇಲೆ ಉಬ್ಬಿದ ಜೋಳದ ರೊಟ್ಟಿಯನ್ನು ನೆನೆಯಿರಿ. ಅದರ ಪಡುವಣ ಅರ್ಧವನ್ನು ಮುರಿದು ತೆಗೆದರೆ ಉಳಿದ ಅರ್ಧದ ಮುರಿದ ಅಂಚೇ ಎಲ್ಲಕ್ಕಿಂತ ಎತ್ತರ. ಅಲ್ಲಿ ಬಿದ್ದ ಹನಿ ಅಂಚಿನಿಂದ ಆಚೆಗೆ ಹಾರದೆ ಮೂಡಣಕ್ಕೇ ಜಾರುತ್ತದೆ. ಆ ಅಂಚೇ ಸಹ್ಯಾದ್ರಿ. ಕಾಕ್ಸ್ ವಾದವನ್ನು ಎಲ್ಲರೂ ಒಪ್ಪಿಲ್ಲ. ಪಶ್ಚಿಮದ ನೆಲ ಬಿರಿದು ಬೇರೆಯಾದಾಗ ಅದರ ಅಂಚು ಮೇಲೆದ್ದಿತು, ಸವೆತದಿಂದ ಭಾರ ಇಳಿದಂತೆ ಮತ್ತಷ್ಟು ಎದ್ದಿತು ಎನ್ನುವವರಿದ್ದಾರೆ. ಎರಡರಲ್ಲಿ ಯಾವುದೇ ಗೆದ್ದರೂ ನಮ್ಮ ವಾದಕ್ಕೆ ಧಕ್ಕೆಯಿಲ್ಲ: ಭೀಮೆಯ ದಿಕ್ಕನ್ನು ಗೊತ್ತುಮಾಡಿದ್ದು ಕೋಟ್ಯಂತರ ವರ್ಷ ಹಿಂದಿನ ಓರೆ.

ಹಾಗಾಗಿ ಶಿಕ್ಷಕರಲ್ಲಿ ಒಂದು ವಿನಂತಿ. ಮೂರು ಅವಸ್ಥೆಗಳ ಚಿತ್ರ ಬಿಡಿಸುವ ಮೊದಲು ಮಕ್ಕಳಿಂದ ಭೀಮೆಯದೋ ತಮ್ಮೂರಿನ ಹೊಳೆಯದೋ ಎತ್ತರ ಮತ್ತು ದೂರದ ನಕ್ಷೆ ಹಾಕಿಸಿ, ಪಕ್ಕದಲ್ಲಿ ಎಲ್ಲೆಲ್ಲಿ ಯಾವ ಕಲ್ಲು ಎಂದು ಬರೆಸಿ. ನದಿ ಎಲ್ಲಿ ಓಡುತ್ತದೆ, ಎಲ್ಲಿ ನಿಧಾನಿಸುತ್ತದೆ ಎಂಬುದು ಆ ಒಂದು ಹಾಳೆಯಲ್ಲಿ ತಿಳಿಯುತ್ತದೆ.