ಹೃದಯ, ಮಿದುಳು, ಮನಸ್ಸು: ಆಮ್ಲಜನಕದ ಜಮಾಖರ್ಚು

ಠಾಣೆ–ಬೇಲಾಪುರ ರಸ್ತೆಯ ಮಗ್ಗುಲಲ್ಲಿರುವ ಮಹಾಪೆ ಹಗಲಿರುಳೂ ಎಚ್ಚತ್ತಿರುವ ಊರು. ಒಂದೆಡೆ ಔದ್ಯೋಗಿಕ ವಸಾಹತಿನ ಕಾರ್ಖಾನೆಗಳು, ಇನ್ನೊಂದೆಡೆ ಮಿಲೇನಿಯಂ ಬಿಸಿನೆಸ್ ಪಾರ್ಕಿನ ಗಣಕಯಂತ್ರದ ಕಚೇರಿಗಳು. ಡೊಂಬಿವಲಿ, ಕಲ್ಯಾಣಗಳಿಂದ ಶೀಳ್‌ಫಾಟಾ ದಾಟಿ ನಿತ್ಯ ಇಲ್ಲಿಗೆ ಬರುವವರಲ್ಲಿ ಕನ್ನಡಿಗರೂ ಇದ್ದಾರೆ. ಪಾಳಿಯ ದುಡಿಮೆ, ಹೊತ್ತು ಮೀರಿದ ಊಟ, ಅರೆನಿದ್ರೆ, ಊರಿಗೆ ಕಳುಹಿಸಬೇಕಾದ ಹಣ: ಇವು ಅವರ ನಿತ್ಯದ ಬದುಕು.

ಅಂತಹವರಲ್ಲಿ ಐವತ್ತರ ಹರೆಯದ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಹೃದಯಾಘಾತವಾಯಿತು, ಮುಚ್ಚಿದ ರಕ್ತನಾಳವನ್ನು ವೈದ್ಯರು ತೆರೆದರು, ತಪಾಸಣೆಯ ವರದಿಗಳೆಲ್ಲ ಸಮಾಧಾನಕರ. ಆದರೆ ಮನೆಗೆ ಮರಳಿದ ಮೇಲೆ ಅವರಿಗೆ ಮಾತು ಬೇಡ, ಊಟ ರುಚಿಸದು, ನಸುಕಿನ ಮೂರಕ್ಕೇ ಎಚ್ಚರ. “ಕಾಯಿಲೆಯಿಂದ ಎದ್ದವರಿಗೆ ಇದು ಸಹಜ” ಎಂದು ಮನೆಯವರು ಸುಮ್ಮನಾಗುತ್ತಾರೆ. ಕೆಲವು ವಾರಗಳಲ್ಲಿ ಅವರು ಮಾತ್ರೆಗಳನ್ನೂ ನಿಲ್ಲಿಸುತ್ತಾರೆ. ನಿಜವಾದ ಅಪಾಯವಿರುವುದು ಇಲ್ಲಿ.

ಹೃದ್ರೋಗ, ಪಾರ್ಶ್ವವಾಯು, ಖಿನ್ನತೆ ಇವು ಮೂರು ಬೇರೆ ಬೇರೆ ಖಾತೆಗಳೆಂದು ನಾವು ಭಾವಿಸಿದ್ದೇವೆ. ಆದರೆ ಹೃದಯಾಘಾತಕ್ಕೊಳಗಾದ ಐವರಲ್ಲಿ ಸುಮಾರು ಒಬ್ಬರನ್ನು, ಪಾರ್ಶ್ವವಾಯುವಿಗೆ ತುತ್ತಾದ ಮೂವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಆವರಿಸುತ್ತದೆ. ಖಿನ್ನತೆಯುಳ್ಳವರಲ್ಲಿ ಮೊದಲಿನೆರಡು ವ್ಯಾಧಿಗಳ ಸಂಭವವೂ ಅಧಿಕ. ಈ ಮೂರನ್ನೂ ಬೆಸೆಯುವ ಎಳೆಗಳಲ್ಲಿ ಒಂದು, ಜರ್ಮನಿಯ ಹೆಲ್ಮುಟ್ ಸೀಸ್ 1985ರಲ್ಲಿ ಹೆಸರಿಟ್ಟ ಉತ್ಕರ್ಷಣ ಒತ್ತಡ.

ಉಸಿರಿನ ಆಮ್ಲಜನಕದಿಂದಲೇ ಜೀವಕೋಶಗಳು ಶಕ್ತಿಯನ್ನು ಪಡೆಯುತ್ತವೆ. ಈ ವ್ಯವಹಾರದಲ್ಲಿ ಫ್ರೀ ರ‍್ಯಾಡಿಕಲ್ ಎಂಬ ಚಂಚಲ ಕಣಗಳು ಹುಟ್ಟುತ್ತವೆ. ಅವು ಮಿತಿಯಲ್ಲಿದ್ದರೆ ದೇಹಕ್ಕೆ ಉಪಯುಕ್ತವೇ. ಹೆಚ್ಚಾದುದನ್ನು ದೇಹದ ಕಿಣ್ವಗಳು ತೀರಿಸಿಬಿಡುತ್ತವೆ. ತಂಬಾಕು, ಹತೋಟಿಯಿಲ್ಲದ ಮಧುಮೇಹ, ಏರಿದ ರಕ್ತದೊತ್ತಡ, ಕಲುಷಿತ ಗಾಳಿ ಇವುಗಳಿಂದ ಖರ್ಚು ಜಮೆಯನ್ನು ಮೀರಿದಾಗ ಉಳಿಯುವ ಬಾಕಿಯೇ ಈ ಒತ್ತಡ.

ರಕ್ತನಾಳದ ಗೋಡೆಯಲ್ಲಿ ಅದು ಕೊಲೆಸ್ಟರಾಲನ್ನು ಕೆಡಿಸಿ ಜಿಡ್ಡಿನ ಗಡ್ಡೆ ಬೆಳೆಯಲು ನೆರವಾಗುತ್ತದೆ. ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಕಬಳಿಸುತ್ತದೆ. ಮಿದುಳಿನ ತೂಕ ದೇಹದ ಶೇಕಡಾ 2ರಷ್ಟೇ ಆದರೂ ಆಮ್ಲಜನಕದಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಕೊಬ್ಬಿನಂಶ ಹೆಚ್ಚಿರುವ ಈ ಅಂಗದ ರಕ್ಷಣಾಬಲವೂ ಪರಿಮಿತ. ಆದ್ದರಿಂದ ಪಾರ್ಶ್ವವಾಯುವಿನಲ್ಲಿ ಹಾನಿ ಬಲುಬೇಗ ಹಬ್ಬುತ್ತದೆ. ಖಿನ್ನರಾದವರ ರಕ್ತ, ಮೂತ್ರಗಳಲ್ಲಿಯೂ ಇಂತಹ ಹಾನಿಯ ಕುರುಹುಗಳು ಹೆಚ್ಚಾಗಿ ಕಂಡುಬಂದಿವೆ. ಅದೊಂದೇ ಖಿನ್ನತೆಗೆ ಕಾರಣವೆಂದಲ್ಲ. ಆದರೆ ಖಿನ್ನತೆ ಕೇವಲ ಮನೋದೌರ್ಬಲ್ಯವಲ್ಲ, ದೇಹವನ್ನೂ ಒಳಗೊಂಡ ವ್ಯಾಧಿ ಎಂಬುದು ಸ್ಪಷ್ಟ.

ಸಲೀಂ ಯೂಸುಫರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನವು, ಹೃದಯಾಘಾತದ ಅಪಾಯದ ಸುಮಾರು ಶೇಕಡಾ 90 ಭಾಗಕ್ಕೆ ಒಂಬತ್ತು ಅಂಶಗಳೇ ಕಾರಣವೆಂದು ತೋರಿಸಿತು. ಮನಸ್ಸಿನ ಬೇಗುದಿ ಅವುಗಳಲ್ಲೊಂದು. 2010ರ ‘ಇಂಟರ್‌ಸ್ಟ್ರೋಕ್’ ಅಧ್ಯಯನವು ಪಾರ್ಶ್ವವಾಯುವಿನ ವಿಷಯದಲ್ಲಿಯೂ ಖಿನ್ನತೆಯನ್ನು ಹೆಸರಿಸಿತು. ಅದರ ಪ್ರಮುಖ ಲೇಖಕರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಝೇವಿಯರ್ ಒಬ್ಬರು.

ಹಾಗಾದರೆ ಉತ್ಕರ್ಷಣ ನಿರೋಧಕ ಮಾತ್ರೆ ನುಂಗಿ ಬಾಕಿ ತೀರಿಸಬಹುದೆ? ಯೂಸುಫರೇ ಮುಂದಾಗಿ ನಡೆಸಿದ, 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ 9,000ಕ್ಕೂ ಹೆಚ್ಚು ಜನರ ಪೈಕಿ ಅರ್ಧದಷ್ಟು ಮಂದಿ ಸುಮಾರು ನಾಲ್ಕೂವರೆ ವರ್ಷ ‘ಇ’ ಜೀವಸತ್ವವನ್ನು ಸೇವಿಸಿದರು; ಹೃದಯಕ್ಕೆ ಲಾಭವಾಗಲಿಲ್ಲ. ಫಿನ್ಲೆಂಡಿನಲ್ಲಿ ಬೀಟಾ ಕೆರೋಟಿನ್ ಸೇವಿಸಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿತೆಂದು 1994ರಲ್ಲಿ ತಿಳಿದುಬಂತು. ಅಂಗಡಿಯ ದುಬಾರಿ ಶೀಶೆ ಈ ಸಾಲಕ್ಕೆ ಮದ್ದಲ್ಲ.

ಮದ್ದು ಸರಳವಾದುದು. ತಂಬಾಕಿನ ತ್ಯಾಗ, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ಸೊಪ್ಪು, ಕಾಳು, ಹಣ್ಣುಗಳ ಊಟ, ಸಾಕಷ್ಟು ನಿದ್ರೆ, ದಿನಕ್ಕೆ ಅರ್ಧ ಗಂಟೆಯ ಬಿರುಸಾದ ನಡಿಗೆ. ಕ್ರಮಬದ್ಧ ವ್ಯಾಯಾಮವು ದೇಹದ ಸ್ವಂತ ರಕ್ಷಕ ಕಿಣ್ವಗಳನ್ನು ಹೆಚ್ಚಿಸುತ್ತದೆ, ಖಿನ್ನತೆಯನ್ನೂ ಇಳಿಸುತ್ತದೆ. ಮುಖ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ಕ್ಷಣವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪು ಕರಗಿಸುವ ಔಷಧಕ್ಕೆ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ.

ಎಲ್ಲಕ್ಕಿಂತ ಮಿಗಿಲಾಗಿ, ಹೃದಯದ ತಜ್ಞರ ಮುಂದೆ ಮನಸ್ಸಿನ ಮಾತನ್ನೂ ಹೇಳಬೇಕು. ಆಘಾತದ ನಂತರದ ಖಿನ್ನತೆಯನ್ನು ರೋಗಿಯ ಭವಿಷ್ಯಕ್ಕೆ ಅಪಾಯಕಾರಿ ಅಂಶವೆಂದು ಪರಿಗಣಿಸುವಂತೆ 2014ರಲ್ಲಿ ಅಮೆರಿಕದ ಹೃದಯ ಸಂಘದ ತಜ್ಞರು ಸಲಹೆ ನೀಡಿದರು. ಹೃದ್ರೋಗಿಗಳಿಗೆ ಹೊಂದುವ ಚಿಕಿತ್ಸೆಯೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳಾಗಿರುವ, 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416ಕ್ಕೆ ಕರೆ ಮಾಡಿದರೆ ಶುಲ್ಕವಿಲ್ಲದೆ, ಭಾಷೆಯನ್ನು ಆರಿಸಿಕೊಂಡು ಮಾತನಾಡಬಹುದು.

ಪರಊರಿನಲ್ಲಿ ದುಃಖವನ್ನು ನುಂಗಿಕೊಳ್ಳುವುದೇ ಗಂಡಸುತನವೆಂಬ ಭ್ರಮೆ ನಮ್ಮವರಲ್ಲಿದೆ. ಆಸ್ಪತ್ರೆಯಿಂದ ಮರಳಿದ ನೆರೆಯವರನ್ನು ಕಾಣಲು ಹೋದಾಗ “ಎದೆನೋವು ಹೇಗಿದೆ?” ಎಂದು ಕೇಳುವುದು ವಾಡಿಕೆ. “ನಿದ್ರೆ ಬರುತ್ತಿದೆಯೆ? ಮನಸ್ಸು ಹೇಗಿದೆ?” ಎಂದೂ ಕನ್ನಡದಲ್ಲಿ ಕೇಳಿದರೆ ಒಂದು ಜೀವ ಉಳಿದೀತು.