ಮಕ್ಕಳ ಪರಿಸರ ಸಾಹಿತ್ಯದಲ್ಲಿ ಕಾಣದ ಬಯಲು

ಕನ್ನಡದ ಮಕ್ಕಳ ಪರಿಸರ ಸಾಹಿತ್ಯಕ್ಕೆ ತನ್ನದೇ ಆದ ಒಂದು ಭೂಗೋಳವಿದೆ. 1930ರ ದಶಕದಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಶಿವರಾಮ ಕಾರಂತರ ‘ಬಾಲ ಪ್ರಪಂಚ’ ಲೋಕದ ಜೀವರಾಶಿಯನ್ನು ಕನ್ನಡದ ಎಳೆಯರ ಮುಂದಿರಿಸಿತು. ಮಕ್ಕಳಿಗೆಂದೇ ಬರೆದದ್ದಲ್ಲದಿದ್ದರೂ ಎಳೆಯ ಓದುಗರು ತಮ್ಮದಾಗಿಸಿಕೊಂಡ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ (1991) ಮೂಡಿಗೆರೆ ಸೀಮೆಯ ಕಾಡು, ತೋಟ, ಹಳ್ಳಗಳಿಂದ ಹುಟ್ಟಿತು. ಈ ಬರಹಗಳ ಸಾಧನೆ ನಿರ್ವಿವಾದವಾದುದು. ಆದರೆ ಇವುಗಳ ಹಾದಿಯಲ್ಲಿ ಬಂದ ಅನೇಕ ಪುಸ್ತಕಗಳಲ್ಲಿ ಪರಿಸರವೆಂದರೆ ಮಲೆನಾಡು, ಅಳಿವೆಂದರೆ ಮರ ಕಡಿಯುವುದು, ಉಳಿವೆಂದರೆ ಸಸಿ ನೆಡುವುದು ಎಂಬ ಸಮೀಕರಣ ನೆಲೆಯೂರಿತು.

ಹಿರಿಯೂರು ತಾಲ್ಲೂಕಿನ ಧರ್ಮಪುರದಂತಹ ಊರಿನ ಮಗುವಿನ ನೆಲೆಯಿಂದ ಈ ಸಮೀಕರಣವನ್ನು ಪರಿಶೀಲಿಸಬೇಕಾಗಿದೆ. ಆಂಧ್ರದ ಗಡಿಗೆ ಸಮೀಪದ ಈ ಹೋಬಳಿ ಅಲ್ಪ ಮಳೆಯ, ಕುರುಚಲು ಮತ್ತು ಹುಲ್ಲಿನ ಸೀಮೆ. ಪುಸ್ತಕದಲ್ಲಿ ಕಾಣುವ ನಿತ್ಯಹರಿದ್ವರ್ಣದ ಕಾಡು ಅಲ್ಲಿಲ್ಲ. ಅಲ್ಲಿರುವ ಬಯಲು ಪುಸ್ತಕದಲ್ಲಿಲ್ಲ. ತನ್ನೂರಿನಲ್ಲಿ ಪರಿಸರವೇ ಇಲ್ಲವೆಂದು ಆ ಮಗು ಭಾವಿಸಿದರೆ ತಪ್ಪು ಮಗುವಿನದಲ್ಲ. ಆಡಳಿತದ ಭಾಷೆಯೂ ಅದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರ 2000ದಲ್ಲಿ ಪ್ರಕಟಿಸಿದ ಬಂಜರು ಭೂಮಿಯ ಭೂಪಟವು ಕುರುಚಲು ನೆಲವನ್ನು ಬಂಜರಿನ ಲೆಕ್ಕಕ್ಕೇ ಸೇರಿಸಿತು.

ವಾಸ್ತವದಲ್ಲಿ ಹುಲ್ಲುಗಾವಲು ಅತ್ಯಂತ ನಾಜೂಕಾದ ಜೀವಿವ್ಯವಸ್ಥೆ. ಕೃಷ್ಣಮೃಗವು ಅಪಾಯವನ್ನು ದೂರದಿಂದಲೇ ಕಂಡು ಓಟದಿಂದ ಪಾರಾಗುವ ಪ್ರಾಣಿಯಾದ್ದರಿಂದ ತೆರೆದ ಬಯಲೇ ಅದರ ರಕ್ಷೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಈ ಕಾರಣಕ್ಕಾಗಿಯೇ. ಎರೆಭೂತ ಹಕ್ಕಿ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ರಾಜ್ಯದಲ್ಲಿ ಇಂದು ಅದು ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಇಂತಹ ಬಯಲಿನಲ್ಲಿ ನೀಲಗಿರಿ ತೋಪು ಎಬ್ಬಿಸುವುದು ಸಂರಕ್ಷಣೆಯಲ್ಲ, ಆಕ್ರಮಣ. ಬಳ್ಳಾರಿ ಜಾಲಿ ತುಂಬಿದ ಕೆರೆಯಂಗಳವೂ ದೂರಕ್ಕೆ ಹಸಿರಾಗಿಯೇ ಕಾಣುತ್ತದೆ! ಸಸಿ ನೆಡುವ ಪಾಠವನ್ನು ಎಲ್ಲ ನೆಲಕ್ಕೂ ಒಂದೇ ಎಂಬಂತೆ ಬೋಧಿಸುವ ಮಕ್ಕಳ ಪುಸ್ತಕ ಇಲ್ಲಿ ಅರಿಯದೆಯೇ ಹಾನಿಯ ಪಕ್ಷ ವಹಿಸುತ್ತದೆ. ನೆರೆಯ ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ 2000ದ ದಶಕದ ಕೊನೆಯ ಹೊತ್ತಿಗೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದಾಗ ಪ್ರತಿರೋಧ ಮುಖ್ಯವಾಗಿ ಬಂದದ್ದು ದನಕುರಿ ಮೇಯಿಸುವ ಹಳ್ಳಿಗಳಿಂದ. ಅವರಿಗೆ ಅದು ಬಂಜರಾಗಿರಲಿಲ್ಲ.

ಬಯಲನ್ನು ಬದುಕಾಗಿ ಕಂಡ ಸಾಹಿತ್ಯ ಕನ್ನಡಕ್ಕೆ ಹೊಸದೇನಲ್ಲ. ಹಿರಿಯೂರು, ಶಿರಾ ಸೀಮೆಯ ಕಾಡುಗೊಲ್ಲರು ಗಣೆಯ ನಾದದೊಂದಿಗೆ ಹಾಡುವ ಜುಂಜಪ್ಪನ ಕಾವ್ಯದ ಲೋಕವೇ ದನ, ಮೇವು, ಅಲೆದಾಟ. ಈ ಕಾವ್ಯವನ್ನು ಜಾನಪದ ಅಧ್ಯಯನವು ವೀರನ ಕತೆಯಾಗಿ, ಕುಲದ ಚರಿತ್ರೆಯಾಗಿ ಓದಿದಷ್ಟು ಹುಲ್ಲುಗಾವಲಿನ ಜ್ಞಾನಕೋಶವಾಗಿ ಓದಿಲ್ಲ. ಮಕ್ಕಳ ಲೇಖಕನಿಗೆ ಬೇಕಾದ ಪದಸಂಪತ್ತು ಅಲ್ಲಿಯೇ ಇದೆ. 2015ರಲ್ಲಿ ಪ್ರಥಮ್ ಬುಕ್ಸ್ ಆರಂಭಿಸಿದ ‘ಸ್ಟೋರಿವೀವರ್’ ಮುಕ್ತ ವೇದಿಕೆಯು ಯಾವ ಶಿಕ್ಷಕರಾದರೂ ಕನ್ನಡದಲ್ಲಿ ಚಿತ್ರಪುಸ್ತಕ ರಚಿಸುವ ಅವಕಾಶವನ್ನು ಒದಗಿಸಿದೆ. ಧರ್ಮಪುರದ ಶಾಲೆಯೊಂದರ ಮಕ್ಕಳು ತಮ್ಮ ಹಟ್ಟಿಯ ಹಿರಿಯರಿಂದ ಹುಲ್ಲಿನ ಹೆಸರುಗಳನ್ನು ಕೇಳಿ ಬರೆದುಕೊಂಡರೆ, ಅಂತಹ ಪುಸ್ತಕದ ಮೊದಲ ಪುಟ ಅಲ್ಲಿಗೆ ಸಿದ್ಧವಾಗುತ್ತದೆ.