ಹರಿಗೋಲು, ಗಾಳ ಮತ್ತು ಕಾವೇರಿಯ ಬಿಳಿಮೀನು

ಅರಸೀಕೆರೆಯ ಸಮೀಪದ ಹಾರನಹಳ್ಳಿಗೆ ಕೀರ್ತಿ ತಂದಿರುವುದು ಕಲ್ಲು, ನೀರಲ್ಲ. 13ನೆಯ ಶತಮಾನದ ಲಕ್ಷ್ಮೀನರಸಿಂಹ, ಸೋಮೇಶ್ವರ ದೇವಾಲಯಗಳನ್ನು ನೋಡಬರುವವರಿಗೆ ಅಲ್ಲಿ ತುಂಬಿ ಹರಿಯುವ ಹೊಳೆ ಕಾಣಸಿಗದು. ಮಳೆಯನ್ನು ನಂಬಿದ ಆ ಸೀಮೆಯಲ್ಲಿ ಮೀನೆಂದರೆ ಕೆರೆಯ ಮೀನು. ಆದರೆ ಅದೇ ಹಾಸನ ಜಿಲ್ಲೆಯ ದಕ್ಷಿಣದ ಅಂಚಿಗೆ ಹೋದರೆ ರಾಮನಾಥಪುರದಲ್ಲಿ ಕಾವೇರಿಯ ದರ್ಶನವಾಗುತ್ತದೆ. ಅಲ್ಲಿನ ವಹ್ನಿಪುಷ್ಕರಿಣಿಯಲ್ಲಿ ಯಾತ್ರಿಕರು ಎಸೆಯುವ ಪುರಿಗೆ ಬಾಯ್ದೆರೆದು ಮೇಲೇಳುವ ಮಹಶೀರ್ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಅವು ದೇವರ ಮೀನುಗಳು. ಇದೇ ಕುಲದ ಮೀನು ಶಿವನಸಮುದ್ರದ ಕೆಳಗಿನ ಕಾಡಿನಲ್ಲಿ ಒಂದು ಕಾಲಕ್ಕೆ ದೇಶವಿದೇಶಗಳ ಗಾಳಗಾರರನ್ನು ಕೈಬೀಸಿ ಕರೆಯುತ್ತಿತ್ತು.

ಗಾಳದ ವಿನೋದ ಪಶ್ಚಿಮದಿಂದ ಬಂದುದೆಂದು ಹಲವರ ಎಣಿಕೆ. ಬೇಲೂರಿನಲ್ಲಿ ಹೊಯ್ಸಳ ವಿಷ್ಣುವರ್ಧನನಿದ್ದ ಕಾಲದಲ್ಲಿಯೇ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವನ್ನೇ ಬರೆದಿಟ್ಟ. ಮೀನಿನ ಜಾತಿಗಳು, ಅವಕ್ಕೆ ಹಾಕಬೇಕಾದ ಮೇವು, ಗಾಳದ ದಾರ, ಕೋಲು—ಎಲ್ಲಕ್ಕೂ ಅಲ್ಲಿ ಸ್ಥಾನವುಂಟು.

ಇಂದು ಅಮೆರಿಕದಲ್ಲಿ ಕಯಾಕ್ ಎಂಬ ಕಿರಿದಾದ ದೋಣಿಯಲ್ಲಿ ಕುಳಿತು ಬಾಸ್ ಮೀನಿಗೆ ಗಾಳ ಹಾಕುವವರು ಬಹುಮಂದಿ. ಕಾವೇರಿಯಲ್ಲಿ ಆ ದೋಣಿಯ ಸ್ಥಾನ ಹರಿಗೋಲಿನದು. ಬಾಸ್ ಮೀನಿನ ಸ್ಥಾನ ಬಿಳಿಮೀನೆಂದೂ ಕರೆಯುವ ಮಹಶೀರಿನದು. ಗಾತ್ರದಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಎಂಬುವರು ಕಾವೇರಿಯ ಉಪನದಿಯಾದ ಕಬಿನಿಯಲ್ಲಿ ಹಿಡಿದ ಮಹಶೀರಿನ ತೂಕ 120 ಪೌಂಡು, ಎಂದರೆ ಸುಮಾರು 54 ಕಿಲೋ!

ಭೀಮೇಶ್ವರಿ, ಗಾಳಿಬೋರೆಗಳ ಶಿಬಿರಗಳಲ್ಲಿ ಈ ಕ್ರೀಡೆ ನಡೆಯುತ್ತಿದ್ದಾಗ ದಿನದ ಕೆಲಸ ಒಲೆಯ ಮುಂದೆ ಆರಂಭವಾಗುತ್ತಿತ್ತು. ರಾಗಿಹಿಟ್ಟನ್ನು ಕಲಸಿ, ಉಂಡೆ ಕಟ್ಟಿ, ಬೇಯಿಸಬೇಕು. ಮೆತ್ತಗಾದರೆ ಸಣ್ಣ ಮೀನುಗಳು ಕಿತ್ತು ತಿಂದುಬಿಡುತ್ತವೆ. ಗಟ್ಟಿಯಾಗಿ ಬೆಂದ ಮುದ್ದೆ ದೊಡ್ಡ ಬಾಯಿಗೆ ಕಾದಿರುತ್ತದೆ. ಬಡವರ ಅನ್ನವೇ ನದಿಯ ರಾಜನಿಗೂ ಪ್ರಿಯವಾದ ಊಟ.

ಬೆಳಗಿನ ಹೊತ್ತಿಗೆ ಅಂಬಿಗನು ಬಿದಿರಿನ ಹೆಣಿಗೆಯ ಹರಿಗೋಲನ್ನು ನೀರಿಗಿಳಿಸುತ್ತಾನೆ. ದುಂಡಗಿನ ಈ ವಾಹನಕ್ಕೆ ಮುಂದು ಹಿಂದು ಎಂಬುದಿಲ್ಲ. ಒಂದೇ ಹುಟ್ಟಿನಿಂದ ಅದನ್ನು ಬಂಡೆಗಳ ನಡುವೆ ನಡೆಸುವುದು ಹುಟ್ಟಿನಿಂದ ಬಂದ ವಿದ್ಯೆಯೆಂದರೂ ಸಲ್ಲುತ್ತದೆ. ನೀರು ಬಂಡೆಗೆ ಬಡಿದು ನೊರೆಯಾಗಿ, ಮುಂದೆ ಆಳವಾದ ಮಡುವಿಗೆ ಇಳಿಯುವ ಜಾಗವನ್ನು ಅವನು ಬಲ್ಲ. ಅಲ್ಲಿ ಗಾಳ ಬೀಳುತ್ತದೆ. ಬಳಿಕ ಕಾಯುವುದೇ ಕೆಲಸ. ಬಿಸಿಲೇರುತ್ತದೆ, ಮಾತು ನಿಲ್ಲುತ್ತದೆ.

ಮೀನು ಕಚ್ಚಿದಾಗ ಸಂಶಯಕ್ಕೆ ಎಡೆಯಿಲ್ಲ. ಕೋಲು ಬಿಲ್ಲಾಗಿ ಬಾಗುತ್ತದೆ. ನೂರಾರು ಅಡಿ ದಾರ ಕ್ಷಣಮಾತ್ರದಲ್ಲಿ ಓಡಿಹೋಗುತ್ತದೆ. ಮಹಶೀರು ಸೆಳವಿನ ಜೊತೆಗೆ ಕೆಳಕ್ಕೆ ಧಾವಿಸಿ ಬಂಡೆಯ ಸಂದಿನಲ್ಲಿ ದಾರ ಸಿಕ್ಕಿಸುತ್ತದೆ. ದಡದಲ್ಲಿ ನಿಂತವನು ಅಲ್ಲಿಗೆ ಸೋತ. ಹರಿಗೋಲಿನಲ್ಲಿರುವವನು ಮೀನಿನ ಹಿಂದೆಯೇ ಹೋಗಿ, ದಾರ ಬಿಡಿಸಿಕೊಂಡು ಮತ್ತೆ ಸೆಣಸಬಲ್ಲ. ಕೊನೆಗೆ ದಣಿದ ಮೀನನ್ನು ತೂಗಿ, ಚಿತ್ರ ತೆಗೆದು, ನೀರಿನಲ್ಲಿಯೇ ಎರಡು ಕೈಗಳಿಂದ ಆನಿಸಿ ಹಿಡಿಯುತ್ತಾರೆ. ಅದು ಉಸಿರು ಕೂಡಿಸಿಕೊಂಡು ಬಾಲ ಬೀಸಿ ಹೊರಟುಹೋಗುತ್ತದೆ. ಹಿಡಿದುದನ್ನು ಬಿಡುವುದೇ ಇಲ್ಲಿನ ನಿಯಮ. ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಂದ ನದಿಯನ್ನು ಕಾಯುವ ಕೆಲಸವೂ ಇದರ ಜೊತೆಗೇ ನಡೆಯುತ್ತಿತ್ತು. ಸುತ್ತಲಿನ ಹಳ್ಳಿಯವರಿಗೆ ಅದರಿಂದ ಜೀವನವೂ ಸಾಗುತ್ತಿತ್ತು.

ಸಂಜೆ ಶಿಬಿರಕ್ಕೆ ಮರಳಿದ ಮೇಲೆ ಇನ್ನೊಂದು ಕೆಲಸವಿತ್ತು: ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು, ಎಷ್ಟು ತೂಕ ಎಂದು ಪುಸ್ತಕದಲ್ಲಿ ಬರೆಯುವುದು. ಯಾರೂ ಹೆಚ್ಚು ಗಮನಿಸದ ಈ ಬರಹವೇ ಮುಂದೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಯಿತು.

ಕಾವೇರಿಯ ಸ್ವಂತ ಮಹಶೀರಿಗೆ ಬೆನ್ನ ಮೇಲೆ ಡುಬ್ಬ, ಈಜುರೆಕ್ಕೆಗಳಿಗೆ ಕಿತ್ತಳೆಯ ಛಾಯೆ. ಅದರ ಸಂತತಿ ಕ್ಷೀಣಿಸುತ್ತಿದ್ದಾಗ, ಮಹಶೀರನ್ನು ಉಳಿಸಬೇಕೆಂಬ ಸದುದ್ದೇಶದಿಂದ ಮರಿಗಳನ್ನು ತಂದು ನದಿಗೆ ಬಿಟ್ಟರು. ಆದರೆ ಮಹಾರಾಷ್ಟ್ರದ ಲೋಣಾವಳಾದಲ್ಲಿ ಬೆಳೆಸುತ್ತಿದ್ದ ಆ ತಳಿ ಬೇರೆ. ಅದು ನೀಲಿ ರೆಕ್ಕೆಯ ಮಹಶೀರು. ಗಾಳಿಬೋರೆಯ 1998ರಿಂದ 2012ರವರೆಗಿನ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ ನಿಜ ಹೊರಬಿದ್ದಿತು. ಸಿಗುವ ಮೀನುಗಳ ಸಂಖ್ಯೆ ಏರಿತ್ತು. ಡುಬ್ಬದ ಮೀನು ಮಾತ್ರ ಕಣ್ಮರೆಯಾಗುತ್ತಿತ್ತು. ಮನೆ ತುಂಬಿತೆಂದು ಎಲ್ಲರೂ ಹಿಗ್ಗುತ್ತಿದ್ದಾಗ ಮನೆಯೊಡೆಯನೇ ಹೊರಬಿದ್ದಂತಾಯಿತು!

2018ರಲ್ಲಿ ಆ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ನಾಮ ಸಲ್ಲುತ್ತದೆಂದು ನಿರ್ಧಾರವಾಯಿತು. ಅದೇ ವರ್ಷ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಅದು ಸೇರಿತು. ಹೆಸರು ಸಿಗುವ ಹೊತ್ತಿಗೆ ಉಸಿರು ಹೋಗುವ ಸ್ಥಿತಿ. ಅದರ ಕೊನೆಯ ಆಸರೆಗಳಲ್ಲಿ ನೀಲಗಿರಿಯ ಮೋಯಾರ್ ಹೊಳೆ ಒಂದು.

ಗಾಳ ಹಾಕುವುದೂ ಬೇಟೆಯೇ ಎಂದು ಕಾನೂನನ್ನು ಅರ್ಥೈಸಿದುದರಿಂದ ಕಾವೇರಿ ಅಭಯಾರಣ್ಯದಲ್ಲಿ ಈ ಕ್ರೀಡೆ 2012ರಲ್ಲಿ ನಿಂತಿತು. ಗಾಳ ನಿಂತಿತು, ಅದರೊಡನೆ ಸಂಜೆಯ ಲೆಕ್ಕವೂ ನಿಂತಿತು. ಮೀನನ್ನು ಮುಟ್ಟಬಾರದೆಂಬ ನಿಯಮ ಒಳ್ಳೆಯದೇ. ಆದರೆ ರಾಮನಾಥಪುರದ ಭಕ್ತಿಯೂ ಶಿಬಿರದ ಪುಸ್ತಕವೂ ಕೂಡಿದಾಗಲೇ ನದಿ ಉಳಿದೀತು. ಯಾವುದನ್ನು ಉಳಿಸುತ್ತಿದ್ದೇವೆಂದು ತಿಳಿಯದೆ ಮಾಡಿದ ಉಪಕಾರ ಎಂಥದೆಂಬುದನ್ನು ಕಾವೇರಿ ಒಮ್ಮೆ ತೋರಿಸಿಕೊಟ್ಟಿದೆ.